ವಾಪಸು ಪೈಪಿನ ಬಿಸುಪು

ಟಿಕ್.

ಅಷ್ಟೇ. ನಲ್ಲಿಯಿಂದ ಹನಿ ಬಿದ್ದ ಸದ್ದಲ್ಲ, ಗಡಿಯಾರದ ಮುಳ್ಳಿನದೂ ಅಲ್ಲ. ಕಣ್ಣು ತೆರೆಯುವ ಮೊದಲೇ ಅವಳಿಗೆ ಅದು ಯಾವುದೆಂದು ಗೊತ್ತಾಗಿತ್ತು. ಗೋಡೆಯಾಚೆ, ಮೆಟ್ಟಿಲ ಪಕ್ಕದ ಪೈಪಿನ ಕಪಾಟಿನಲ್ಲಿ ಒಂದು ವಾಲ್ವ್ ತೆರೆದುಕೊಂಡಿತ್ತು. ಯಾವುದೋ ಮನೆಯಲ್ಲಿ ಯಾರೋ ಸೆಖೆ ತಾಳಲಾರದೆ ಎದ್ದು, ಗೋಡೆಯ ಗುಂಡಿ ಒತ್ತಿ, ತಂಪು ಕೇಳಿದ್ದರು.

ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು. ಪಕ್ಕದಲ್ಲಿ ಗಂಡ ಒಂದೇ ಲಯದಲ್ಲಿ ಗೊರಕೆ ಹೊಡೆಯುತ್ತಿದ್ದ. ಅವನದು ತಲೆಯ ಮೇಲೆ ಮನೆ ಬಿದ್ದರೂ ಎಚ್ಚರವಾಗದ ನಿದ್ದೆ. ಅವಳದು ಸೂಜಿ ಬಿದ್ದರೂ ಎದ್ದು ಕೂರುವ ನಿದ್ದೆ. ಮಲಗುವ ಮೊದಲು ಗ್ಯಾಸ್ ಆರಿಸಿದ್ದನ್ನು ಎರಡು ಸಲ, ಚಿಲಕ ಹಾಕಿದ್ದನ್ನು ಮೂರು ಸಲ ನೋಡದೆ ಅವಳು ದಿಂಬಿಗೆ ತಲೆ ಕೊಟ್ಟವಳಲ್ಲ.

ಈಗಲೂ ಅವಳ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿತು. ಆ ಮಹಡಿಯಲ್ಲಿ ಮೂರೇ ಮನೆ. ತಮ್ಮದರಲ್ಲಿ ಅತ್ತೆಗೆ ಕೆಮ್ಮೆಂದು ತಂಪು ಹಾಕಿರಲಿಲ್ಲ. ಎದುರು ಮನೆಯ ನರ್ಸ್ ಅಕ್ಕತಂಗಿಯರಿಗೆ ಈ ವಾರ ರಾತ್ರಿ ಪಾಳಿ; ಇಬ್ಬರೂ ಚೀಲ ಹೆಗಲಿಗೇರಿಸಿ ಹೊರಟಿದ್ದನ್ನು ಅವಳೇ ಕಂಡಿದ್ದಳು. ಉಳಿದದ್ದು ಪಕ್ಕದ ಮನೆ. ಪಕ್ಕದ ಮನೆಯ ಟೈಲರಮ್ಮ ಸತ್ತು ಹತ್ತೊಂಬತ್ತು ದಿನವಾಗಿತ್ತು.

ಎದ್ದು ಹೋಗಿ ನೋಡದಿದ್ದರೆ ಬೆಳಗಿನವರೆಗೆ ನಿದ್ದೆ ಬರುವುದಿಲ್ಲವೆಂದು ಗೊತ್ತಿದ್ದರಿಂದ ಅವಳು ಟಾರ್ಚ್ ಹಿಡಿದು ಹೊರಗೆ ಬಂದಳು. ಕಪಾಟಿನ ತಗಡಿನ ಬಾಗಿಲು ಕಿರ್ರೆಂದಿತು. ಒಳಗೆ ಮೂರು ಜೋಡಿ ಪೈಪು. ಪ್ರತಿ ಜೋಡಿಯಲ್ಲಿ ಒಂದು ತಣ್ಣೀರು ಒಯ್ಯುವುದು, ಇನ್ನೊಂದು ಮನೆಯ ಬಿಸಿಯನ್ನು ಹೊತ್ತು ವಾಪಸು ತರುವುದು. ಊರಿನ ತಣ್ಣೀರು ಜಾಲದ ರಿಪೇರಿ ಮಾಡುವ ಪೈಪಣ್ಣ ಅವಳಿಗೆ ಒಮ್ಮೆ ಹೇಳಿಕೊಟ್ಟಿದ್ದ: "ಅಂಗೈಯಲ್ಲಿ ಮುಟ್ಟಬೇಡಿ ಮೇಡಂ, ಅದು ಒರಟು, ಸುಳ್ಳು ಹೇಳುತ್ತೆ. ಕೈ ಹಿಂಬದಿಯಿಂದ ಮುಟ್ಟಿ. ವಾಪಸು ಪೈಪು ಬೆಚ್ಚಗಿದ್ರೆ ಒಳಗೆ ಜನ ಇದ್ದಾರೆ ಅಂತ."

"ಖಾಲಿ ಮನೆ ಗೋಡೆನೂ ಬಿಸಿ ಇರುತ್ತಲ್ಲ?" ಎಂದು ಅವಳು ಅಂದು ಕೇಳಿದ್ದಳು.

"ಗೋಡೆ ಬಿಸಿ ಒಂದೇ ಸಮ ಇರುತ್ತೆ ಮೇಡಂ. ಮನುಷ್ಯರ ಬಿಸಿ ಸುಮ್ನೆ ಕೂರಲ್ಲ. ಮಗ್ಗುಲು ಬದಲಾಯಿಸುತ್ತೆ."

ಅವಳು ಕೈಯ ಹಿಂಬದಿಯನ್ನು ಟೈಲರಮ್ಮನ ಮನೆಯ ಪೈಪಿಗೆ ತಾಗಿಸಿದಳು. ಒಯ್ಯುವ ಪೈಪು ಮೂಳೆಗಿಳಿಯುವಷ್ಟು ತಣ್ಣಗಿತ್ತು. ವಾಪಸು ಪೈಪು ತಣ್ಣಗಿರಲಿಲ್ಲ. ಈಗಷ್ಟೇ ಯಾರೋ ಹಿಡಿದು ಬಿಟ್ಟ ಲೋಟದಂತೆ ಬೆಚ್ಚಗಿತ್ತು. ನೋಡನೋಡುತ್ತಿದ್ದಂತೆ ಆ ಬಿಸುಪು ಚೂರು ತಗ್ಗಿ ಮತ್ತೆ ಏರಿತು. ಒಳಗೆ ಯಾರೋ ಮಗ್ಗುಲು ಬದಲಾಯಿಸಿದಂತೆ.

ಟಾರ್ಚಿನ ಬೆಳಕು ವಾಲ್ವಿನ ಮೇಲೆ ಬಿತ್ತು. ಹಿಡಿ ಅಡ್ಡ ತಿರುಗಿತ್ತು, ಅಂದರೆ ಮುಚ್ಚಿತ್ತು. ಮೋಟರಿನ ವೈರು ಕಳಚಿ ನೇತಾಡುತ್ತಿತ್ತು. ಹಿಡಿಗೆ ತಂತಿ ಸುತ್ತಿ ಹಾಕಿದ ಸೀಲು ಒಂಚೂರೂ ಸಡಿಲಾಗಿರಲಿಲ್ಲ. ಸೀಲಿನ ತಗಡಿನ ಮೇಲೆ ಒತ್ತಿದ ಅಕ್ಷರ ಓದಲು ಅವಳು ಬಾಗಿದಳು. ವಾಲ್ವ್ ಸಂಖ್ಯೆ, ಅದರ ಕೆಳಗೆ ಮುಚ್ಚಿದ ತಾರೀಕು.

ಏಳು.

ಟೈಲರಮ್ಮ ಸತ್ತಿದ್ದು ಅದೇ ತಿಂಗಳ ಹನ್ನೊಂದಕ್ಕೆ.

ಪೈಪಿನ ಬಿಸುಪಿಗಿಂತ ಆ ಒಂದು ಅಂಕಿಗೆ ಅವಳು ಹೆಚ್ಚು ಹೆದರಿದಳು.

*

ಊರಿನ ಅರ್ಧಕ್ಕೆ ತಂಪು ಬರುತ್ತಿದ್ದುದು ನದಿದಂಡೆಯ ಒಂದು ಸ್ಥಾವರದಿಂದ. ಅಲ್ಲಿ ತಣಿಸಿದ ನೀರು ಬೀದಿಗಳ ಅಡಿಯಲ್ಲಿ ಹರಿದು ಮನೆಮನೆಗೆ ಹೋಗಿ, ಒಳಗಿನ ಸೆಖೆಯನ್ನು ಹೀರಿಕೊಂಡು ಹಿಂದಿರುಗುತ್ತಿತ್ತು. ಕಿಟಕಿಗೊಂದು ಏಸಿ ಪೆಟ್ಟಿಗೆ ತೂಗುಹಾಕಿ ತಮ್ಮ ಮನೆಯ ಬಿಸಿಯನ್ನು ಬೀದಿಯವರ ಮುಖಕ್ಕೆ ಉಗುಳುವುದು ಸಾಕು ಎಂದು ನಗರಸಭೆ ಮೂರು ವರ್ಷದ ಹಿಂದೆ ನಿಯಮ ಮಾಡಿತ್ತು. ಪೆಟ್ಟಿಗೆಗಳು ಇಳಿದವು, ಅವು ಇದ್ದ ಕಡೆ ಹೊರಗೋಡೆಯ ಮೇಲೆ ಬಿಳಿಚಿದ ಚೌಕಗಳು ಉಳಿದವು. ನಿಯಮ ಒಳ್ಳೆಯದೆಂದು ಅವಳು ಅಂದೂ ನಂಬಿದ್ದಳು, ಈಗಲೂ ನಂಬಿದ್ದಳು. ಬೀದಿಗಳು ನಿಜವಾಗಿಯೂ ತುಸು ತಣ್ಣಗಾಗಿದ್ದವು.

ತಂಪುಜಾಲದ ಕಚೇರಿಯಲ್ಲಿ ಅವಳ ಕೆಲಸ ನಿಯಮಗಳ ಕರಡು ಬರೆಯುವುದು. ಕಟ್ಟಡದವರೆಲ್ಲ ಅವಳನ್ನು ತಂಪಮ್ಮ ಎನ್ನುತ್ತಿದ್ದರು. ಒಂದು ಪದ ಆಚೀಚೆಯಾದರೆ ಜನರಿಗೆ ಏನಾದೀತೋ ಎಂದು ಹತ್ತು ಸಲ ಅಳೆದು ತೂಗಿ ಬರೆಯುವವಳು. 'ಅರವತ್ತು ದಿನ' ಎಂದು ಕಚೇರಿಯಲ್ಲಿ ಹೆಸರಾದ ನಿಯಮವೂ ಅವಳ ಕೈಯದೇ. ಅರವತ್ತು ದಿನ ಒಮ್ಮೆಯೂ ತಂಪು ಬಳಸದ ಮನೆಯನ್ನು ಖಾಲಿ ಎಂದು ತಿಳಿದು ಅದರ ವಾಲ್ವ್ ಮುಚ್ಚುವುದು. ಖಾಲಿ ಮನೆಗಳ ಸುತ್ತ ನೀರು ಸುಮ್ಮನೆ ಸುತ್ತಿದರೆ ಪಂಪಿನ ಶಕ್ತಿ ದಂಡ. ಬಿಸಿಗಾಳಿಯ ದಿನಗಳಲ್ಲಿ ಅದೇ ನೀರು ಆಸ್ಪತ್ರೆಗೆ, ಬಾಣಂತಿಯರ ಮನೆಗೆ ಬೇಕಾಗುತ್ತದೆ. ಒಂದು ವಾರ್ಡಿನಲ್ಲಿ ಮೊದಲು ಮಾಡಿ ನೋಡುವುದೆಂದಾಯಿತು. ಅದು ಅವಳದೇ ವಾರ್ಡು.

ಯಾರು ಮನೆಯಲ್ಲಿಲ್ಲ ಎಂಬ ಪಟ್ಟಿ ಕಳ್ಳರ ಕೈಗೆ ಸಿಕ್ಕರೆ? ಅದಕ್ಕೂ ಅವಳೇ ಯೋಚಿಸಿದ್ದಳು. ಪಟ್ಟಿಯಲ್ಲಿ ಹೆಸರೂ ಬೇಡ, ಮನೆ ಸಂಖ್ಯೆಯೂ ಬೇಡ, ವಾಲ್ವಿನ ಸಂಖ್ಯೆ ಸಾಕು ಎಂದು ಬರೆದಿದ್ದಳು. ಹಾಗಾಗಿ ಮುನ್ನೂರ ಹನ್ನೆರಡು ಸಾಲಿನ ಪಟ್ಟಿಗೆ ಸಹಿ ಹಾಕುವಾಗ ಅವಳ ಕಣ್ಣಿಗೆ ಬಿದ್ದದ್ದು ಬರೀ ಅಂಕಿಗಳು.

ಟೈಲರಮ್ಮ ತಂಪು ಬಳಸಿದವಳೇ ಅಲ್ಲ. ಶಾಲೆಯ ಅಂಗಿ, ಪರದೆ, ದಿಂಬಿನ ಚೀಲ ಹೊಲಿಯುತ್ತ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಇದ್ದವಳು. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕೆಣಕುತ್ತಿದ್ದಳು:

"ಏನ್ ತಂಪಮ್ಮ, ನಿಮ್ಮ ನೀರು ನಮ್ಮನೇಲಿ ಸುಮ್ನೆ ಸುತ್ತಾಡ್ತಾ ಇದೆಯಂತೆ? ಕೆಲಸ ಮಾಡದೆ ಕೂತಿರೋ ನೆಂಟರ ಥರ!"

"ನೀವೂ ಒಂದ್ಸಲ ಗುಂಡಿ ಒತ್ತಿ ನೋಡಿ ಟೈಲರಮ್ಮ."

"ನನಗ್ಯಾಕಮ್ಮ ಅದು? ತಣ್ಣಗಿದ್ರೆ ಬೆರಳು ಮರಗಟ್ಟುತ್ತೆ, ಸೂಜಿಗೆ ದಾರ ಹೋಗಲ್ಲ. ಬೇಕಾದಾಗ ಒತ್ತಿದ್ರಾಯ್ತು, ಎಲ್ಲಿಗೆ ಓಡಿಹೋಗುತ್ತೆ?"

"ನಮ್ಮ ಯೋಜನೆಗೆ ನಿಮ್ಮಂಥೋರೇ ಬೇಕು," ಎಂದು ಅವಳು ಮನಸಾರೆ ಹೇಳಿದ್ದಳು.

ಆ ತಿಂಗಳ ಐದನೇ ತಾರೀಕಿನಿಂದ ಹದಿಮೂರರವರೆಗೆ ಬಿಸಿಗಾಳಿ ಬೀಸಿತು. ಅವಳು ಹಗಲೂ ರಾತ್ರಿ ಕಚೇರಿಯಲ್ಲಿದ್ದಳು. ಹನ್ನೊಂದರ ಬೆಳಿಗ್ಗೆ, ಹೊಲಿಯಲು ಕೊಟ್ಟಿದ್ದ ಪರದೆ ಇಸಿದುಕೊಳ್ಳಲು ಹೋದ ಅತ್ತೆ ಎಷ್ಟು ಕೂಗಿದರೂ ಬಾಗಿಲು ತೆರೆಯಲಿಲ್ಲ. ಒಡೆದು ನೋಡಿದಾಗ ಟೈಲರಮ್ಮ ತಂಪು ಬರುವ ಕಂಡಿಯ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದಳು. ಡಾಕ್ಟರು ಹೃದಯ ಎಂದು ಬರೆದರು. ಎಪ್ಪತ್ತೆರಡು ವಯಸ್ಸು, ಯಾರೂ ಬೇರೆ ಕಾರಣ ಕೇಳಲಿಲ್ಲ.

*

ಬೆಳಿಗ್ಗೆ ಬಂದ ಪೈಪಣ್ಣ ಕಪಾಟಿಗೆ ತಲೆ ತೂರಿಸಿ ಎರಡೂ ಪೈಪು ಮುಟ್ಟಿದ.

"ಏನೂ ಇಲ್ವಲ್ಲ ಮೇಡಂ. ಎರಡೂ ಒಂದೇ ಥರ ಇದೆ. ನೀರೇ ಹೋಗ್ತಿಲ್ಲ."

ಅವಳೂ ಮುಟ್ಟಿ ನೋಡಿದಳು. ನಿಜ. ಎರಡೂ ಹೊರಗಿನ ಗಾಳಿಯಷ್ಟೇ ಬಿಸಿ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕೇಳಿದಳು, "ಇದನ್ನ ಮುಚ್ಚಿದ್ದು ನೀವೇನಾ?"

"ನಾನೇ. ಅವತ್ತು ಈ ಕಟ್ಟಡದಲ್ಲೇ ಐದು ಮುಚ್ಚಿದೆ. ಯಾಕೆ?"

"ಬಾಗಿಲು ತಟ್ಟಿದ್ರಾ?"

ಅವನು ಹುಬ್ಬೇರಿಸಿದ. "ನಂಬರ್ ಹುಡುಕೋದು, ಹಿಡಿ ತಿರುಗಿಸೋದು, ಸೀಲ್ ಹಾಕೋದು. ಇಷ್ಟೇ ಬರೆದಿದ್ದು. ನಂಬರ್ ಕೊಟ್ರೆ ಯಾರ ಮನೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ತಟ್ಟೋದು ಅಂತ ಬರೆದಿದ್ರೆ ತಟ್ತಿದ್ದೆ. ಬರೆಯೋರು ನೀವೇ ಅಲ್ವಾ ಮೇಡಂ?"

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಕಚೇರಿಯಲ್ಲಿ ಮೇಜಿನ ಮೇಲೆ ವರದಿಯ ಕರಡು ಕಾಯುತ್ತಿತ್ತು. ಒಂದು ವಾರ್ಡಿನಲ್ಲಿ ನಡೆಸಿದ ಪ್ರಯೋಗ ಹೇಗಾಯಿತು ಎಂದು ಅವಳು ಬರೆದುಕೊಟ್ಟರೆ, ನಾಡಿದ್ದು ನಗರಸಭೆ ಅದನ್ನೇ ಇಡೀ ಊರಿಗೆ ಅನ್ವಯಿಸುತ್ತದೆ. ಮುಚ್ಚಲಿಕ್ಕಿರುವ ಮನೆಗಳ ಹೊಸ ಪಟ್ಟಿ ಆಗಲೇ ಸಿದ್ಧವಾಗಿತ್ತು: ಹನ್ನೊಂದು ಸಾವಿರ ವಾಲ್ವುಗಳು. ಅವುಗಳಲ್ಲಿ ಎಷ್ಟರ ಹಿಂದೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂತವರಿದ್ದಾರೋ ಅಂಕಿಗಳು ಹೇಳುವುದಿಲ್ಲ. ಮುಂದಿನ ಬಿಸಿಗಾಳಿ ತಿಂಗಳೊಳಗೆ ಬರಬಹುದೆಂದು ಹವಾಮಾನದವರು ಹೇಳಿದ್ದರು.

ಕರಡಿನ ಒಂಬತ್ತನೇ ಕಲಂ: 'ಮುಚ್ಚಿದ ಮನೆಗಳಿಂದ ಬಂದ ದೂರುಗಳು.' ಅದರ ಮುಂದೆ ಯಾರೋ ಆಗಲೇ 'ಇಲ್ಲ' ಎಂದು ತುಂಬಿದ್ದರು.

ಅವಳು ಹಳೆಯ ಪಟ್ಟಿ ತೆಗೆದಳು. ಇನ್ನೂರ ಏಳನೇ ಸಾಲಿನಲ್ಲಿ, ಸೀಲಿನ ಮೇಲಿದ್ದ ಅದೇ ಸಂಖ್ಯೆ. ಕೊನೆಯ ಪುಟದಲ್ಲಿ ಅವಳ ಸಹಿ, ಬಾಲ ತಿರುವಿ, ಅಚ್ಚುಕಟ್ಟಾಗಿ.

ಆಮೇಲೆ ಅವಳಿಗೆ ತಾನೇ ಬರೆದ ಇನ್ನೊಂದು ವಾಕ್ಯ ನೆನಪಾಯಿತು: 'ಮುಚ್ಚಿದ ವಾಲ್ವಿನ ಗುಂಡಿಯಿಂದ ಬರುವ ಸಂಕೇತವನ್ನು ದೋಷವೆಂದು ಪರಿಗಣಿಸಿ ಪ್ರತ್ಯೇಕಿಸತಕ್ಕದ್ದು.' ಖಾಲಿ ಮನೆಯ ಹಳೆಯ ವೈರು ಸುಮ್ಮಸುಮ್ಮನೆ ಸಿಡಿದರೆ ಕಚೇರಿಯವರ ತಲೆ ತಿನ್ನಬಾರದೆಂದು ಬರೆದದ್ದು. ಕಂಪ್ಯೂಟರಿನಲ್ಲಿ ದೋಷಗಳ ಕಡತವನ್ನು ಯಾರೂ ತೆರೆಯುತ್ತಿರಲಿಲ್ಲ. ಅವಳು ತೆರೆದು ಆ ವಾಲ್ವಿನ ಸಂಖ್ಯೆ ಹುಡುಕಿದಳು.

ಎಂಟರ ರಾತ್ರಿ ಹತ್ತೂವರೆಗೆ ಮೊದಲ ಸಲ. ಆಮೇಲೆ ಹತ್ತು ಮೂವತ್ತೊಂದಕ್ಕೆ. ಹತ್ತು ನಲವತ್ತಕ್ಕೆ. ಒಂಬತ್ತರ ಮಧ್ಯಾಹ್ನ ಹನ್ನೊಂದು ಸಲ, ಒಂದರ ಹಿಂದೊಂದು. ಹತ್ತರ ರಾತ್ರಿ ತಡೆತಡೆದು, ನಡುವೆ ದೊಡ್ಡ ದೊಡ್ಡ ಅಂತರ. ಕೊನೆಯದು ಹನ್ನೊಂದರ ನಸುಕು, ಮೂರು ಹತ್ತಕ್ಕೆ. ಬೆರಳಿಟ್ಟು ಎಣಿಸಿದಳು. ನಲವತ್ತೊಂದು.

ಬೇಕಾದಾಗ ಒತ್ತಿದ್ರಾಯ್ತು, ಎಲ್ಲಿಗೆ ಓಡಿಹೋಗುತ್ತೆ?

ಕಂಪ್ಯೂಟರಿನ ಪರದೆಯನ್ನು ಇನ್ನೊಂದು ಸಾಲು ಮೇಲೆ ಸರಿಸಿದಾಗ ಕೆಳಗೆ ನಲವತ್ತೆರಡನೆಯದು ಕಾಣಿಸಿತು. ಅದರ ತಾರೀಕು ಇಂದಿನದು. ವೇಳೆ, ಮೂರು ಹತ್ತು.

ಸುತ್ತಲಿನ ಮೇಜುಗಳಲ್ಲಿ ಯಾರೋ ನಗುತ್ತಿದ್ದರು, ಯಾರೋ ಸ್ಟೇಪ್ಲರ್ ಕೇಳುತ್ತಿದ್ದರು. ಕಂಡಿಯಿಂದ ಎಂದಿನಂತೆ ತಂಪು ಇಳಿಯುತ್ತಿತ್ತು.

*

ಮಧ್ಯಾಹ್ನ ತಲೆನೋವೆಂದು ಹೇಳಿ ಮನೆಗೆ ಬಂದಳು. ಟೈಲರಮ್ಮನ ಮನೆಯ ಕೀಲಿ ಅತ್ತೆಯ ಹತ್ತಿರವಿತ್ತು. ಟೈಲರಮ್ಮನ ಅಣ್ಣನ ಮಗ ವಾರದ ಕೊನೆಗೆ ಬಂದು ಸಾಮಾನು ಒಯ್ಯುವವನಿದ್ದ.

"ನಮ್ಮ ಪರದೆ ಅಲ್ಲೇ ಇದೆಯಾ ಅಂತ ನೋಡ್ತೀನಿ ಅತ್ತೆ."

"ಈಗ ಪರದೆ ನೆನಪಾಯ್ತಾ ನಿನಗೆ? ಅವಳು ಇದ್ದಾಗ ಎರಡು ನಿಮಿಷ ನಿಂತು ಮಾತಾಡೋಕೆ ಪುರುಸೊತ್ತಿರಲಿಲ್ಲ." ಅತ್ತೆ ಕೀಲಿಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟರು. "ಆ ಸೆಖೆಯಲ್ಲಿ ನಾನಾದ್ರೂ ಹೋಗಿ ಕರ್ಕೊಂಡು ಬರ್ಬೇಕಿತ್ತು. ತಂಪು ಇದೆಯಲ್ಲ, ಅಷ್ಟು ಬೇಕಾದ್ರೆ ಹಾಕ್ಕೋತಾಳೆ ಅಂತ ಸುಮ್ನಾದೆ. ಹಟಮಾರಿ. ಹಾಕ್ಕೊಳ್ಲೇ ಇಲ್ಲ ನೋಡು."

ಅವಳು ಕೀಲಿ ಎತ್ತಿಕೊಂಡಳು.

ಒಡೆದು ಮತ್ತೆ ಕೂರಿಸಿದ ಬಾಗಿಲು. ಕೀಲಿ ತೂರಿಸುವ ಮೊದಲು ಅವಳ ಕೈ ತಾನಾಗಿ ಮೇಲೆದ್ದಿತು. ಖಾಲಿ ಮನೆಯ ಬಾಗಿಲು ತಟ್ಟುವುದು ಹುಚ್ಚೆನಿಸಿದರೂ ತಟ್ಟಿದಳು. ಮೂರು ಸಲ, ಮೆಲ್ಲಗೆ.

ಬೆನ್ನ ಹಿಂದೆ, ಕಪಾಟಿನಲ್ಲಿ, ಟಿಕ್.

ಓಡಿಹೋಗಬೇಕೆನಿಸಿತು. ಆದರೆ ತಟ್ಟಿದ ಮೇಲೆ ಹೋಗಿಬಿಡುವುದು ಮೊದಲು ಮಾಡಿದ್ದಕ್ಕಿಂತ ದೊಡ್ಡ ತಪ್ಪೆನಿಸಿ, ಕೀಲಿ ತಿರುಗಿಸಿ ಒಳಗೆ ಕಾಲಿಟ್ಟಳು.

ಹತ್ತೊಂಬತ್ತು ದಿನ ಮುಚ್ಚಿದ ಮನೆಯಲ್ಲಿ ಉಸಿರುಕಟ್ಟುವ ಸೆಖೆ ಇರಬೇಕಿತ್ತು. ಮನೆ ತಣ್ಣಗಿತ್ತು. ನೆರಳಿನ ಬಾವಿಯಂಥ ತಂಪು. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಒಂದು ಪುಟ್ಟ ಅಂಗಿಯ ತೋಳು ಅರ್ಧ ಹೊಲಿದು ನಿಂತಿತ್ತು. ಕಿಟಕಿಯಲ್ಲಿ ಕಟ್ಟಿದ ಬಟ್ಟೆ ಒಣಗಿ ರಟ್ಟಾಗಿತ್ತು. ಗೋಡೆಯ ಗುಂಡಿಯ ಸುತ್ತ ಬಣ್ಣ ಮಾಸಿ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಬೆರಳಚ್ಚುಗಳು ಒಂದರ ಮೇಲೊಂದು ಬಿದ್ದಿದ್ದವು. ಒತ್ತಿದ್ದು ಸಾಲದೇನೋ ಎಂದು ಇನ್ನೂ ಜೋರಾಗಿ, ಇನ್ನೂ ಜೋರಾಗಿ ಒತ್ತಿದ ಗುರುತುಗಳು.

ಕಂಡಿಯ ಎದುರು ಕುರ್ಚಿ ಹಾಗೇ ಇತ್ತು. ಅದರ ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿ ಹೊಲಿದ ತೆಳು ದಿಂಬು. ನಡುವೆ ಕೂತು ಕೂತು ತಗ್ಗಾಗಿತ್ತು.

ಅವಳು ಬಗ್ಗಿ, ಕೈಯ ಹಿಂಬದಿಯಿಂದ ದಿಂಬನ್ನು ಮುಟ್ಟಿದಳು.

ಬೆಚ್ಚಗಿತ್ತು.

ಕಿರುಚಲಿಲ್ಲ. ಕಿರುಚಿದರೆ ಅತ್ತೆ ಬರುತ್ತಾರೆ ಎಂಬಷ್ಟು ಎಚ್ಚರ ಆಗಲೂ ಅವಳಲ್ಲಿತ್ತು. ಕೈ ತೆಗೆಯದೆ ಹಾಗೇ ನಿಂತಳು. ಕೈಯಡಿಯ ಬಿಸುಪು ಒಮ್ಮೆ ತಗ್ಗಿ ಮತ್ತೆ ಏರಿತು.

"ಟೈಲರಮ್ಮ," ಎಂದಳು. "ನಿಮ್ಮನೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಮುಚ್ಚಿಸ್ತಿರಲಿಲ್ಲ."

ಹೇಳಿದ ಮೇಲೆ ಅದು ಎಂಥ ಕೆಟ್ಟ ಮಾತೆಂದು ಅವಳಿಗೇ ಹೊಳೆಯಿತು. ಹಾಗಾದರೆ ಬೇರೆಯವರ ಮನೆಯಾಗಿದ್ದರೆ?

"ಬರೀತೀನಿ," ಎಂದಳು. "ತಟ್ಟದೆ ಮುಚ್ಚಬಾರದು ಅಂತ ಬರೀತೀನಿ. ನಾನು ಮಾಡಿದ್ದನ್ನೂ ಬರೀತೀನಿ."

ಕಂಡಿಯ ಗಾಳಿ ನಿಲ್ಲಲಿಲ್ಲ. ಅವಳು ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಪರದೆ ತರುವುದು ಮರೆತೇಹೋಗಿತ್ತು.

*

ಮರುದಿನ ದೊಡ್ಡವರ ಕೋಣೆಯಲ್ಲಿ ವರದಿ ಅವರ ಕೈಯಲ್ಲಿತ್ತು. ಕಚೇರಿಯ ಮುಖ್ಯಾಧಿಕಾರಿಯನ್ನು ಎಲ್ಲರೂ ದೊಡ್ಡವರು ಎಂದೇ ಕರೆಯುತ್ತಿದ್ದರು. ಒಂಬತ್ತನೇ ಕಲಮಿಗೆ ಬಂದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. 'ಇಲ್ಲ' ಎಂಬಲ್ಲಿ ಈಗ ಒಂದೂವರೆ ಪುಟವಿತ್ತು. ಮುಚ್ಚಿದ ತಾರೀಕು, ಸಾವಿನ ತಾರೀಕು, ನಲವತ್ತೊಂದು ಸಂಕೇತಗಳ ವೇಳೆ, ಅವನ್ನು ದೋಷವೆಂದು ಕೈಬಿಟ್ಟ ವಾಕ್ಯ ಯಾರು ಬರೆದರು, ಪಟ್ಟಿಗೆ ಯಾರು ಸಹಿ ಹಾಕಿದರು. ಕೊನೆಗೆ, ವಾಲ್ವ್ ಮುಚ್ಚುವ ಮೊದಲು ಮೂರು ಬೇರೆ ಬೇರೆ ದಿನ ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲವೆಂದು ಕಣ್ಣಾರೆ ಕಾಣತಕ್ಕದ್ದು. ಮುಚ್ಚಿದ ಮನೆಯ ಗುಂಡಿ ಒಮ್ಮೆ ಒತ್ತಿದರೂ ತಕ್ಷಣ ತೆರೆಯತಕ್ಕದ್ದು.

"ನಿಮ್ಮ ಕುತ್ತಿಗೆಗೆ ನೀವೇ ಕುಣಿಕೆ ಹಾಕ್ಕೋತಿದ್ದೀರಿ, ಗೊತ್ತಾ?"

"ಗೊತ್ತು ಸರ್."

"ವಿಚಾರಣೆ ಆಗುತ್ತೆ. ಈ ಕುರ್ಚೀಲಿ ಇರಲ್ಲ ನೀವು."

"ಇರಲ್ಲ ಸರ್."

ಅವರು ಕೆಟ್ಟವರಲ್ಲ. ಹನ್ನೊಂದು ಸಾವಿರ ಬಾಗಿಲು ತಟ್ಟಲು ಜನ ಎಲ್ಲಿಂದ ತರಲಿ ಎಂದು ಅವರ ಮುಖದಲ್ಲೇ ಬರೆದಿತ್ತು. ಸಾಲುಗಳ ಮೇಲೆ ಪೆನ್ನು ಆಡಿಸುತ್ತ ಕೇಳಿದರು, "ಹಳೇ ಕಟ್ಟಡ. ವೈರ್ ಸಡಿಲಾಗಿ ತಾನಾಗೇ ಸಂಕೇತ ಬಂದಿರಬಹುದಲ್ಲ? ಆ ಅಮ್ಮ ಒತ್ತಿದ್ದೇ ಅಂತ ಏನು ಗ್ಯಾರಂಟಿ? ನಗರಸಭೇಲಿ ಮೊದಲು ಕೇಳೋದೇ ಇದನ್ನ."

ಅವಳಿಗೆ ಈ ಪ್ರಶ್ನೆ ಬರುವುದೆಂದು ರಾತ್ರಿಯಿಡೀ ಗೊತ್ತಿತ್ತು.

"ಅವರು ತೀರಿಕೊಂಡ ಮೇಲೆ?" ದೊಡ್ಡವರು ತಲೆ ಎತ್ತಿದರು. "ಆ ಮನೆಯಿಂದ ಮತ್ತೇನಾದ್ರೂ ಬಂದಿದೆಯಾ?"

ಬಂದಿದೆ ಎಂದರೆ ಸಾಕು, ಸಡಿಲ ವೈರೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಸತ್ತವರು ಗುಂಡಿ ಒತ್ತುವುದಿಲ್ಲವಲ್ಲ. ಹಾಗಾದರೆ ನಲವತ್ತೊಂದೂ ಸಡಿಲ ವೈರೇ, ಒಂಬತ್ತನೇ ಕಲಮಿಗೆ ಮತ್ತೆ 'ಇಲ್ಲ' ಎಂದೇ. ಪೈಪು, ದಿಂಬು ಎಂದು ಬಾಯಿಬಿಟ್ಟರಂತೂ ಹುಚ್ಚಿ ಬರೆದ ವರದಿ ಎಂದು ಮೂಲೆಗೆ ಬೀಳುತ್ತದೆ.

ಆರು ವರ್ಷದ ನೌಕರಿಯಲ್ಲಿ ಅವಳು ಒಂದು ಅಲ್ಪವಿರಾಮವನ್ನೂ ಸುಳ್ಳಾಗಿ ಇಟ್ಟವಳಲ್ಲ.

"ಒಂದೂ ಬಂದಿಲ್ಲ ಸರ್," ಎಂದಳು.

ದೊಡ್ಡವರು ಪೆನ್ನಿನ ಮುಚ್ಚಳ ಹಾಕಿದರು. "ಹೀಗೇ ಹೋಗಲಿ."

ದೋಷಗಳ ಕಡತ ಮೂವತ್ತು ದಿನಕ್ಕೊಮ್ಮೆ ತಾನಾಗಿ ಅಳಿಸಿಹೋಗುತ್ತದೆ. ನಲವತ್ತೊಂದನ್ನು ಅವಳು ಆಗಲೇ ನಕಲು ತೆಗೆದಿಟ್ಟಿದ್ದಳು. ಉಳಿದವು ಎಷ್ಟಾಗಿವೆ ಎಂದು ನೋಡಲು ಮತ್ತೆ ಆ ಕಡತ ತೆರೆಯಲಿಲ್ಲ.

ಸಂಜೆ ಮೆಟ್ಟಿಲು ಹತ್ತಿ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಆಗ ತಾನೇ ಕೆಲಸದಿಂದ ಬಂದ ಗಂಡ ಬೂಟು ಬಿಚ್ಚುತ್ತಿದ್ದ.

"ಮೊನ್ನೆ ರಾತ್ರಿ ಎದ್ದು ಹೊರಗೆ ಹೋಗಿದ್ದೆಯಲ್ಲ," ಎಂದರು ಅತ್ತೆ. "ಏನಾಗಿತ್ತು?"

"ಇವಳಿಗೇನು, ಇರುವೆ ನಡೆದ ಸದ್ದೂ ಕೇಳುತ್ತಮ್ಮ," ಎಂದು ಗಂಡ ನಕ್ಕ.

ಅವಳು ಕೈಚೀಲ ಕೆಳಗಿಟ್ಟಳು. ಸೀಲಿನ ತಾರೀಕನ್ನು ಇವರಿಗೆ ಹೇಳಲೇಬೇಕು, ಇಂದು ರಾತ್ರಿಯೇ, ಅತ್ತೆಯ ಕಣ್ಣು ತಪ್ಪಿಸದೆ. ಟೈಲರಮ್ಮ ಹಟಮಾರಿಯಲ್ಲ, ನಲವತ್ತೊಂದು ಸಲ ಕೇಳಿದ್ದಳು ಎಂದು. ಕೆಲಸ ಹೋಗುವುದನ್ನೂ ಹೇಳಬೇಕು.

ಗೋಡೆಯಾಚೆ, ಟಿಕ್.

ಗಂಡ ಎರಡನೇ ಬೂಟಿನ ದಾರ ಎಳೆದ. ಅತ್ತೆ ಉತ್ತರಕ್ಕೆ ಕಾಯುತ್ತಿದ್ದರು. ಇಬ್ಬರಿಗೂ ಕೇಳಿಸಿರಲಿಲ್ಲ.

ಉಳಿದದ್ದೆಲ್ಲ ಹೇಳುತ್ತೇನೆ, ಇದೊಂದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ ಎಂದು ಅವಳು ನಿರ್ಧರಿಸಿದಳು. ಇವರಿಗೂ ಇಲ್ಲ, ಪೈಪಣ್ಣನಿಗೂ ಇಲ್ಲ, ವಿಚಾರಣೆಯಲ್ಲಿ ಎಷ್ಟು ಕೆದಕಿದರೂ ಇಲ್ಲ.

"ಏನಿಲ್ಲ ಅತ್ತೆ," ಎಂದಳು. "ಬಾಗಿಲು ಹಾಕಿದೆಯಾ ಅಂತ ನೋಡೋಕೆ ಹೋಗಿದ್ದೆ."